ಊರಲ್ಲೇ ಸೈಟ್ ವ್ಯಾಪಾರ ಮಾಡೋದಾ, ಬೆಂಗಳೂರಿಗೆ ಹೋಗೋದಾ? ರಿಯಲ್ ಎಸ್ಟೇಟ್‌ಗೆ ಇಳಿಯುವವರಿಗೆ ಒಂದು ಹೋಲಿಕೆ

ದಾವಣಗೆರೆ, ಹಾಸನ, ಶಿವಮೊಗ್ಗ ಕಡೆಯ ಹುಡುಗರು, ಈಗೀಗ ಹುಡುಗಿಯರೂ, ನನ್ನನ್ನು ಕೇಳುವ ಪ್ರಶ್ನೆ ಒಂದೇ. ರಿಯಲ್ ಎಸ್ಟೇಟ್‌ನಲ್ಲಿ ನಿಲ್ಲಬೇಕು ಅಂತಿದೀನಿ, ಬೆಂಗಳೂರಿಗೆ ಬರಲಾ, ಊರಲ್ಲೇ ಇರಲಾ? ಇದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡೋಕೆ ಆಗಲ್ಲ. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ನಾಲ್ಕು ಬೇರೆ ಬೇರೆ ಬಾಗಿಲುಗಳಿವೆ. ಬಿಲ್ಡರ್ ಕಂಪನಿಯಲ್ಲಿ ಸಂಬಳಕ್ಕೆ ಸೇರಬಹುದು, ಹಲವು ಬಿಲ್ಡರ್‌ಗಳ ಪ್ರಾಜೆಕ್ಟ್ ಮಾರಿಕೊಡುವ ಚಾನೆಲ್ ಪಾರ್ಟ್ನರ್ ಆಫೀಸಿನಲ್ಲಿ ಕಮಿಷನ್‌ಗೆ ದುಡಿಯಬಹುದು, ಒಂದು ಏರಿಯಾ ಹಿಡಿದು ಬಾಡಿಗೆ ಮನೆ ಮಾಡಿಸಬಹುದು, ಇಲ್ಲಾ ಊರ ಹೊರಗಿನ ಜಮೀನಿನ ಕೆಲಸಕ್ಕೆ ಹೋಗಬಹುದು. ಒಂದರಲ್ಲಿ ಗೆದ್ದವನು ಇನ್ನೊಂದರಲ್ಲಿ ಮೂರು ತಿಂಗಳಿಗೇ ಸೋತು ವಾಪಸ್ ಹೋಗಿರೋದನ್ನ ನೋಡಿದೀನಿ.

ಯಾವುದನ್ನೇ ಆರಿಸಿ, ಎರಡು ವಿಷಯ ನೋಡಿ. ಮೊದಲ ಆರು ತಿಂಗಳು ನಿಮ್ಮ ಊಟ, ರೂಮ್ ಬಾಡಿಗೆ ಎಲ್ಲಿಂದ ಬರುತ್ತೆ? ಎರಡು ವರ್ಷ ಆದಮೇಲೆ ನೀವು ಸಂಪಾದಿಸಿದ ಗಿರಾಕಿ ಯಾರ ಹೆಸರಿನಲ್ಲಿ ಉಳಿಯುತ್ತಾನೆ, ನಿಮ್ಮದಾ ಕಂಪನಿದಾ? ಸಂಬಳ, ಇನ್ಸೆಂಟಿವ್, ಕಾರ್ಡ್ ಮೇಲಿನ ಹುದ್ದೆ ಎಲ್ಲ ಆಮೇಲೆ. ಈ ಎರಡನೇ ಪ್ರಶ್ನೆಯನ್ನ ಹೆಚ್ಚಿನವರು ಕೇಳಿಕೊಳ್ಳೋದೇ ಇಲ್ಲ. ಆದರೆ ಈ ಕಸುಬಿನಲ್ಲಿ ಹತ್ತು ವರ್ಷ ಉಳಿದವರನ್ನ ನೋಡಿ, ಅವರಿಗೆ ಹೊಸ ಗಿರಾಕಿ ಬರೋದು ಹಳೇ ಗಿರಾಕಿಯ ಬಾಯಿಂದ.

ಊರಲ್ಲೇ ಉಳಿದರೆ

ಊರಲ್ಲಿ ನಿಮಗಿರುವ ಬಂಡವಾಳ ಪರಿಚಯ. ಇಂಥವರ ಮಗ, ಇಂಥವರ ಮೊಮ್ಮಗಳು ಅಂದರೆ ಸಾಕು, ಜಗುಲಿ ಮೇಲೆ ಕೂರಿಸಿ ಕಾಫಿ ಕೊಟ್ಟು ಮಾತಾಡುತ್ತಾರೆ. ಊಟ ಮನೆಯಲ್ಲಿ, ಬಾಡಿಗೆ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರ ಹತ್ತಿರ ನಾಲ್ಕು ತಿಂಗಳು ಕೂತರೆ ಪಹಣಿ, ಮ್ಯುಟೇಶನ್, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳ ಪಟ್ಟಿ), ಖಾತೆ, ಪಂಚಾಯಿತಿ ಆಸ್ತಿಯ ಫಾರಂ 9, ಫಾರಂ 11 ಎಲ್ಲ ಓದೋಕೆ ಬರುತ್ತೆ. ಇದನ್ನ ಬೆಂಗಳೂರಿನ ಯಾವ ಕಂಪನಿಯೂ ಇಷ್ಟು ಚೆನ್ನಾಗಿ ಕಲಿಸಲ್ಲ.

ತೊಂದರೆ ಇರೋದು ಲೆಕ್ಕದಲ್ಲಿ. 30x40 ಸೈಟು 25 ಲಕ್ಷಕ್ಕೆ ಮಾತಾಯಿತು ಅಂತಿಟ್ಟುಕೊಳ್ಳಿ. ಎರಡೂ ಕಡೆಯಿಂದ ಒಂದೊಂದು ಪರ್ಸೆಂಟ್ ಅಂದರೆ ಒಟ್ಟು 50 ಸಾವಿರ. ಆದರೆ ಸಣ್ಣ ಊರಲ್ಲಿ ಒಂದು ಸೈಟಿಗೆ ಮಧ್ಯೆ ನಾಲ್ಕು ಜನ ಇರುತ್ತಾರೆ, ಸೈಟ್ ತೋರಿಸಿದವನು, ಪಾರ್ಟಿ ಕರೆತಂದವನು, ಓನರ್ ಪರಿಚಯದವನು, ಜೊತೆಗೆ ನೀವು. ನಿಮ್ಮ ಪಾಲು ಹನ್ನೆರಡೂವರೆ ಸಾವಿರ. ಅದೂ ರಿಜಿಸ್ಟರ್ ಆದ ದಿನವೇ ಕೈಗೆ ಬರುತ್ತೆ ಅಂತಿಲ್ಲ. "ನಮ್ಮವನೇ ಅಲ್ವೇನಪ್ಪಾ, ಎಲ್ಲಿಗೆ ಹೋಗ್ತೀವಿ, ಕೊಡೋಣ" ಅಂತ ತಿಂಗಳುಗಟ್ಟಲೆ ಓಡಾಡಿಸುತ್ತಾರೆ. ಪರಿಚಯದಿಂದ ಕೆಲಸ ಸಿಗುತ್ತೆ, ಅದೇ ಪರಿಚಯದಿಂದ ಕಮಿಷನ್ ಕೇಳೋಕೆ ಬಾಯಿ ಬರಲ್ಲ.

ಇನ್ನೊಂದು ಅಪಾಯ ಕಂದಾಯ ನಿವೇಶನ. ಭೂಪರಿವರ್ತನೆ ಆಗದ ಜಮೀನನ್ನ ಗೂಟ ಹೊಡೆದು ಸೈಟು ಮಾಡಿ ಮಾರುವುದು. ಕಮಿಷನ್ ಜಾಸ್ತಿ ಕೊಡುತ್ತಾರೆ, ಬೇಗ ಕೊಡುತ್ತಾರೆ. ಮುಂದೆ ಆ ಸೈಟಿಗೆ ಬ್ಯಾಂಕ್ ಲೋನ್ ಸಿಗದೆ, ಮನೆ ಕಟ್ಟೋಕೆ ಪ್ಲಾನ್ ಸಿಗದೆ ಕೊಂಡವರು ಒದ್ದಾಡುವಾಗ ನೀವು ಅದೇ ಊರಿನಲ್ಲಿ, ಅದೇ ಜಾತ್ರೆಯಲ್ಲಿ, ಅದೇ ಮದುವೆ ಮನೆಯಲ್ಲಿ ಅವರ ಮುಖ ನೋಡಬೇಕು. ದಯವಿಟ್ಟು ಇದಕ್ಕೆ ಕೈ ಹಾಕಬೇಡಿ.

ಬಿಲ್ಡರ್ ಕಂಪನಿಯ ಸೇಲ್ಸ್

ಪ್ರೆಸ್ಟೀಜ್, ಬ್ರಿಗೇಡ್, ಶೋಭಾ, ಪುರವಂಕರ ತರಹದ ದೊಡ್ಡ ಕಂಪನಿಗಳ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಇವುಗಳ ಜೊತೆ ಸಣ್ಣ, ಮಧ್ಯಮ ಬಿಲ್ಡರ್‌ಗಳು ಎಷ್ಟೋ ಜನ ಇದ್ದಾರೆ. ಇಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗೋದು ಪ್ರೀಸೇಲ್ಸ್, ಅಂದರೆ ಫೋನ್ ಮಾಡಿ ಗಿರಾಕಿಯನ್ನ ಸೈಟ್ ವಿಸಿಟ್‌ಗೆ ಒಪ್ಪಿಸೋದು. ಮುಂದೆ ಸೋರ್ಸಿಂಗ್, ಅಂದರೆ ಚಾನೆಲ್ ಪಾರ್ಟ್ನರ್‌ಗಳನ್ನ ಸಂಭಾಳಿಸೋದು. ಆಮೇಲೆ ಕ್ಲೋಸಿಂಗ್, ಸೈಟ್ ಆಫೀಸಿನಲ್ಲಿ ಗಿರಾಕಿ ಎದುರು ಕೂತು ಬುಕಿಂಗ್ ಮಾಡಿಸೋದು. ಶನಿವಾರ, ಭಾನುವಾರ ರಜೆ ಮರೆತುಬಿಡಿ, ಗಿರಾಕಿ ಬರೋದೇ ಆವತ್ತು.

ಇದರ ದೊಡ್ಡ ಅನುಕೂಲ ತಿಂಗಳ ಸಂಬಳ. ಪಿಜಿ, ಊಟ, ಪೆಟ್ರೋಲ್, ಫೋನ್ ಎಲ್ಲ ಸೇರಿ ನನ್ನ ಅಂದಾಜಿನಲ್ಲಿ ತಿಂಗಳಿಗೆ 18ರಿಂದ 20 ಸಾವಿರ ಇಲ್ಲದೆ ಬೆಂಗಳೂರಿನಲ್ಲಿ ಬೈಕ್ ಇಟ್ಟುಕೊಂಡು ಬದುಕೋದು ಕಷ್ಟ. ಮನೆಯಿಂದ ದುಡ್ಡು ತರಿಸಿಕೊಳ್ಳುವ ಸ್ಥಿತಿ ಇಲ್ಲದವರಿಗೆ ಇದೊಂದೇ ಕಾರಣ ಸಾಕು. ಕಲಿಯೋದೂ ಕಡಿಮೆ ಏನಿಲ್ಲ. ಕಾರ್ಪೆಟ್ ಏರಿಯಾ (ಮನೆಯೊಳಗೆ ನಿಜವಾಗಿ ಬಳಸುವ ಜಾಗ) ಎಷ್ಟು, ಸೂಪರ್ ಬಿಲ್ಟಪ್ (ಗೋಡೆ, ಲಿಫ್ಟ್, ಮೆಟ್ಟಿಲಿನ ಪಾಲೂ ಸೇರಿದ ಜಾಗ) ಎಷ್ಟು, ಎರಡರ ನಡುವೆ ಗಿರಾಕಿ ಯಾವುದಕ್ಕೆ ದುಡ್ಡು ಕೊಡುತ್ತಿದ್ದಾನೆ ಅನ್ನೋದು ಗೊತ್ತಾಗುತ್ತೆ. ಕಟ್ಟುತ್ತಿರುವ ಫ್ಲಾಟ್‌ಗೆ ಸಾಮಾನ್ಯವಾಗಿ 5% ಜಿಎಸ್‌ಟಿ, ಒಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ, ಬಂದ ಮೇಲೆ ಕೊಂಡರೆ ಇಲ್ಲ. 45 ಲಕ್ಷಕ್ಕಿಂತ ಜಾಸ್ತಿ ಬೆಲೆಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. "ಎಲ್ಲಾ ಸೇರಿ ಎಷ್ಟಾಗುತ್ತೆ ಹೇಳಿ" ಅಂತ ಗಿರಾಕಿ ಕೇಳಿದಾಗ ತಡವರಿಸದೆ ಕಾಗದದ ಮೇಲೆ ಬರೆದು ತೋರಿಸುವ ಅಭ್ಯಾಸ ಇಲ್ಲಿ ಆಗುತ್ತೆ. ಅರ್ಧ ನಂಬಿಕೆ ಅಲ್ಲೇ ಹುಟ್ಟುತ್ತೆ.

ಇಂಗ್ಲಿಷ್, ಹಿಂದಿ ಬಗ್ಗೆ ತುಂಬಾ ಜನ ಹೆದರುತ್ತಾರೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಗಿರಾಕಿಗಳು ಹಿಂದಿ, ತೆಲುಗು, ಇಂಗ್ಲಿಷ್‌ನವರೇ ಜಾಸ್ತಿ, ಅದು ನಿಜ. ಆದರೆ ದಿನಕ್ಕೆ ನೂರಾರು ಫೋನ್ ಮಾಡುವ ಪ್ರೀಸೇಲ್ಸ್ ಕುರ್ಚಿಯಲ್ಲಿ ಆರು ತಿಂಗಳು ಕೂತವನಿಗೆ ಆ ಹೆದರಿಕೆ ಉಳಿದಿರೋದನ್ನ ನಾನು ಕಂಡಿಲ್ಲ. ಮಾತಾಡುವ ವಿಷಯ ಅದೇ ಹತ್ತು ಹದಿನೈದು ಪ್ರಶ್ನೆ. ಬಾಯಿಗೆ ಬರುತ್ತೆ.

ನಷ್ಟ ಏನು ಅಂದರೆ, ಗಿರಾಕಿ ನಿಮ್ಮವನಲ್ಲ. ಲೀಡ್, ಅಂದರೆ ಕೊಳ್ಳುವ ಆಸಕ್ತಿ ತೋರಿಸಿದವರ ಹೆಸರು, ನಂಬರ್, ಎಲ್ಲ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಇರುತ್ತೆ, ಕೆಲಸ ಬಿಟ್ಟ ದಿನ ಲಾಗಿನ್ ಹೋಗುತ್ತೆ. ಗಿರಾಕಿ ನೆನಪಿಟ್ಟುಕೊಳ್ಳೋದು ಪ್ರಾಜೆಕ್ಟಿನ ಹೆಸರನ್ನ. ಇನ್ಸೆಂಟಿವ್ ಕೂಡ ಅಗ್ರಿಮೆಂಟ್ ಆದ ಮೇಲೆ, ಗಿರಾಕಿ ಇಷ್ಟು ಭಾಗ ಕಟ್ಟಿದ ಮೇಲೆ ಅಂತ ಮುಂದಕ್ಕೆ ಹೋಗುತ್ತೆ, ಅಷ್ಟರಲ್ಲಿ ನೀವು ಕೆಲಸ ಬಿಟ್ಟಿದ್ದರೆ ಕೆಲವು ಕಡೆ ಅದು ಸಿಗೋದೇ ಇಲ್ಲ. ಆಫರ್ ಲೆಟರ್‌ನಲ್ಲಿ ಆ ಸಾಲು ಎಲ್ಲಿದೆ ಅಂತ ಹುಡುಕಿ ಓದಿ, ಆಮೇಲೆ ಸಹಿ ಮಾಡಿ.

ಚಾನೆಲ್ ಪಾರ್ಟ್ನರ್ ಆಫೀಸು

ಇವರು ಹಲವು ಬಿಲ್ಡರ್‌ಗಳ ಪ್ರಾಜೆಕ್ಟ್‌ಗಳನ್ನ ಕಮಿಷನ್ ಮೇಲೆ ಮಾರುವವರು. ಸಂಬಳ ಕಡಿಮೆ ಅಥವಾ ಇಲ್ಲವೇ ಇಲ್ಲ, ಕಮಿಷನ್‌ನಲ್ಲಿ ಪಾಲು ದೊಡ್ಡದು ಅನ್ನುತ್ತಾರೆ. ಲೆಕ್ಕ ನೋಡೋಣ. 80 ಲಕ್ಷದ ಫ್ಲಾಟು, 2% ಕಮಿಷನ್, ಆಫೀಸಿಗೆ ಬಂದದ್ದು 1.6 ಲಕ್ಷ. ನಿಮ್ಮ ಪಾಲು 30% ಅಂದರೆ 48 ಸಾವಿರ. ಕೇಳೋಕೆ ಚೆನ್ನಾಗಿದೆ. ಆದರೆ ಬಿಲ್ಡರ್, ಏಜೆಂಟ್‌ಗಳನ್ನ ನಿಯಂತ್ರಿಸೋಕೆ ಬಂದ ರೇರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ 10%ಗಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಹಾಗಾಗಿ ಬುಕಿಂಗ್, ಲೋನ್, ಅಗ್ರಿಮೆಂಟ್ ಎಲ್ಲ ಮುಗಿದ ಮೇಲೆ ಬಿಲ್ಡರ್ ಬಿಲ್ ಪಾಸ್ ಮಾಡಬೇಕು, ಆಮೇಲೆ ಆಫೀಸಿಗೆ ಬರಬೇಕು, ಆಮೇಲೆ ನಿಮಗೆ. ಜನವರಿಯಲ್ಲಿ ಮಾರಿದ ಫ್ಲಾಟಿನ ದುಡ್ಡು ಮೇ ತಿಂಗಳಲ್ಲಿ ಕೈಗೆ ಬಂದರೆ ಅದು ಈ ಕೆಲಸದಲ್ಲಿ ಮಾಮೂಲು. ಮಧ್ಯದ ನಾಲ್ಕು ತಿಂಗಳು ಹೇಗೆ?

ಟ್ಯಾಗಿಂಗ್ ಜಗಳ ಬೇರೆ. ನೀವು ಬಿಸಿಲಲ್ಲಿ ಮೂರು ಪ್ರಾಜೆಕ್ಟ್ ತೋರಿಸಿದ ಗಿರಾಕಿಯ ನಂಬರನ್ನ ಇನ್ನೊಂದು ಆಫೀಸಿನವರು ಮೊದಲೇ ಬಿಲ್ಡರ್ ಹತ್ತಿರ ದಾಖಲಿಸಿದ್ದರೆ ಕಮಿಷನ್ ಅವರಿಗೆ. ಪೋರ್ಟಲ್‌ನಿಂದ ಕೊಂಡ ಒಂದೇ ಲೀಡಿಗೆ ಹತ್ತು ಕಡೆಯಿಂದ ಫೋನ್ ಹೋಗಿರುತ್ತೆ. ಗಿರಾಕಿ ಸಿಡುಕಿದರೆ ಅವನದೇನೂ ತಪ್ಪಿಲ್ಲ.

ಹಾಗಾದರೆ ಇದು ಯಾರಿಗೆ? ಒಂದೆರಡು ವರ್ಷ ಬಿಲ್ಡರ್ ಹತ್ತಿರ ಕ್ಲೋಸಿಂಗ್ ಮಾಡಿ, ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡು ಬಂದವರಿಗೆ ಚೆನ್ನಾಗಿ ಆಗಿಬರುತ್ತೆ. ಇಲ್ಲಿ ಗಿರಾಕಿ ಅರ್ಧ ನಿಮ್ಮವನು. ಒಂದು ಪ್ರಾಜೆಕ್ಟ್ ಅವನಿಗೆ ಸರಿಹೋಗದಿದ್ದರೆ ಇನ್ನೊಂದು ತೋರಿಸಬಹುದು, ನಿಜವಾಗಲೂ ಅವನ ಪರವಾಗಿ ಯೋಚನೆ ಮಾಡಬಹುದು. ಊರಿಂದ ನೇರ ಬಂದು ಬರಿ ಕಮಿಷನ್ ನಂಬಿ ಸೇರುವವರಿಗೆ ನಾನು ಬೇಡ ಅಂತಲೇ ಹೇಳೋದು.

ಪ್ರೀಲಾಂಚ್ ಅಂತ ಹೇಳಿ ರೇರಾ ನಂಬರ್ ಬರುವ ಮೊದಲೇ ಗಿರಾಕಿಯಿಂದ ಚೆಕ್ ತರಿಸಿ ಅನ್ನುವ ಆಫೀಸುಗಳಿವೆ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಜಾಸ್ತಿ ಫ್ಲಾಟ್ ಇರುವ ಪ್ರಾಜೆಕ್ಟನ್ನ ನೋಂದಣಿ ಇಲ್ಲದೆ ಜಾಹೀರಾತು ಮಾಡುವ ಹಾಗೂ ಇಲ್ಲ, ಬುಕಿಂಗ್ ತಗೊಳ್ಳುವ ಹಾಗೂ ಇಲ್ಲ, ಏಜೆಂಟ್ ಅದನ್ನ ಮಾರಿಸುವ ಹಾಗೂ ಇಲ್ಲ. ನಾಳೆ ಪ್ರಾಜೆಕ್ಟ್ ನಿಂತರೆ ಗಿರಾಕಿ ಫೋನ್ ಮಾಡೋದು ನಿಮ್ಮ ನಂಬರಿಗೆ, ಬಿಲ್ಡರ್‌ಗಲ್ಲ.

ಬಾಡಿಗೆ ಮನೆ, ಆಮೇಲೆ ರೀಸೇಲ್

ಇದನ್ನ ಜನ ಕಡೆಗಣಿಸುತ್ತಾರೆ. ಟೈ ಕಟ್ಟಿಕೊಂಡು ಸೈಟ್ ಆಫೀಸಿನಲ್ಲಿ ಕೂರೋದಕ್ಕೆ ಇರುವ ಮರ್ಯಾದೆ ಬಾಡಿಗೆ ಮನೆ ಬ್ರೋಕರ್‌ಗೆ ಇಲ್ಲ ಅನ್ನುವ ಭಾವನೆ. ನನ್ನ ಪ್ರಕಾರ ಊರಿಂದ ಬಂದ ಕನ್ನಡದ ಹುಡುಗನಿಗೆ ಗಟ್ಟಿಯಾಗಿ ಬೇರು ಬಿಡೋಕೆ ಇದಕ್ಕಿಂತ ಒಳ್ಳೆ ದಾರಿ ಬೆಂಗಳೂರಿನಲ್ಲಿ ಇಲ್ಲ.

ಏಕೆ ಅಂತ ಹೇಳುತ್ತೇನೆ. ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ, ರಾಜರಾಜೇಶ್ವರಿ ನಗರ ಕಡೆ ನೋಡಿ. ಕೆಳಗಡೆ ಓನರ್, ಮೇಲೆ ಎರಡು ಅಥವಾ ಮೂರು ಬಾಡಿಗೆ ಮನೆ. ಓನರ್ ನಿವೃತ್ತರು, ಕನ್ನಡದವರು, ಮಕ್ಕಳು ಅಮೆರಿಕದಲ್ಲೋ ಪುಣೆಯಲ್ಲೋ. ಅವರಿಗೆ ಬೇಕಿರೋದು ನಂಬಿಕಸ್ತ ಬಾಡಿಗೆದಾರ, ಮನೆ ಖಾಲಿ ಇದ್ದಾಗ ಕೀ ಇಟ್ಟುಕೊಳ್ಳುವ ಒಬ್ಬ ಹುಡುಗ, ನಲ್ಲಿ ಕೆಟ್ಟರೆ ಪ್ಲಂಬರ್ ಕಳಿಸುವವನು. "ಅಂಕಲ್, ನಮಸ್ಕಾರ" ಅಂತ ಗೇಟ್ ಹತ್ತಿರ ನಿಂತು ಕನ್ನಡದಲ್ಲಿ ಎರಡು ಮಾತಾಡಿದರೆ ಒಳಗೆ ಕರೆಯುತ್ತಾರೆ. ಬ್ರೋಕರ್ ಇಲ್ಲದೆ ಮನೆ ಹುಡುಕಿಕೊಡುವ ನೋಬ್ರೋಕರ್ ಆ್ಯಪ್ 2014ರಲ್ಲಿ ಶುರುವಾಯಿತು. ಅಲ್ಲಿಂದ ಈಚೆಗೆ ಬ್ರೋಕರ್‌ಗಳ ಕಥೆ ಮುಗಿಯಿತು ಅಂತ ಹೇಳುತ್ತಲೇ ಇದ್ದಾರೆ. ಬರಿ ಮನೆ ತೋರಿಸಿ ದುಡ್ಡು ಕೇಳುತ್ತಿದ್ದವರಿಗೆ ಏಟು ಬಿದ್ದದ್ದು ನಿಜ. ಕೀ ಇಟ್ಟುಕೊಂಡು ಓನರ್‌ನ ತಲೆನೋವು ಕಡಿಮೆ ಮಾಡುವವರಿಗೆ ಈಗಲೂ ಕೆಲಸ ಇದೆ.

ದುಡ್ಡು ಬೇಗ ಬರುತ್ತೆ. ವಾಡಿಕೆ ಕಮಿಷನ್ ಒಂದು ತಿಂಗಳ ಬಾಡಿಗೆ, ಕೆಲವು ಕಡೆ ಅರ್ಧ. 20 ಸಾವಿರದ ಮನೆ ಒಪ್ಪಿಸಿದರೆ, ಇನ್ನೊಬ್ಬ ಬ್ರೋಕರ್ ಜೊತೆ ಹಂಚಿಕೊಂಡರೂ ಹತ್ತು ಸಾವಿರ, ಅದೂ ಅಗ್ರಿಮೆಂಟ್ ದಿನವೇ. ಹತ್ತು ತಿಂಗಳ ಅಡ್ವಾನ್ಸ್ ಇದ್ದ ಕಾಲ ಹೋಗಿ ಈಗ ಬಹಳ ಕಡೆ ಐದಾರು ತಿಂಗಳಿಗೆ ಇಳಿದಿದೆ, ಅಡ್ವಾನ್ಸ್ ವಾಪಸ್ ಕೊಡಿಸುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯಬೇಕು ಅನ್ನುವ ಜಗಳವನ್ನ ಮಧ್ಯೆ ನಿಂತು ನ್ಯಾಯವಾಗಿ ಬಿಡಿಸಿದರೆ ಎರಡೂ ಕಡೆಯವರು ನಿಮ್ಮನ್ನ ಮರೆಯಲ್ಲ. ಅಗ್ರಿಮೆಂಟ್ 11 ತಿಂಗಳಿಗೇ ಏಕೆ ಮಾಡುತ್ತಾರೆ, ವರ್ಷ ದಾಟಿದರೆ ನೋಂದಣಿ ಏಕೆ ಬೇಕು, ಲೀಸ್‌ಗೆ ಹಾಕುವ ಮನೆಯ ಮೇಲೆ ಸಾಲ ಇದೆಯಾ ಅಂತ ಹೇಗೆ ನೋಡೋದು, ಇವನ್ನೆಲ್ಲ ಕಲಿತುಕೊಳ್ಳಿ. ಲೀಸ್ ಅಂದರೆ ತಿಂಗಳ ಬಾಡಿಗೆ ಬದಲು ಓನರ್‌ಗೆ ಒಟ್ಟಿಗೆ ಕೊಡುವ, ಜನ ಕೂಡಿಟ್ಟ ಲಕ್ಷಗಟ್ಟಲೆ ದುಡ್ಡು. ಇಸಿ ತೆಗೆಸಿ ನೋಡದೆ ಯಾರಿಗೂ ಲೀಸ್ ಮಾಡಿಸಬೇಡಿ. ಇಸಿಯಲ್ಲಿ ಎಲ್ಲ ಸಾಲವೂ ಕಾಣಲ್ಲ, ಅದಕ್ಕೇ ಮೂಲ ಪತ್ರ ಓನರ್ ಹತ್ತಿರವೇ ಇದೆಯಾ ಅಂತ ಕಣ್ಣಲ್ಲಿ ನೋಡಿ.

ಮೂರು ವರ್ಷ ಒಂದೇ ಏರಿಯಾದಲ್ಲಿ ಇದ್ದರೆ ಬಾಡಿಗೆ ಕೆಲಸ ತಾನಾಗೇ ರೀಸೇಲ್, ಅಂದರೆ ಹಳೇ ಮನೆ ಮಾರಿಸುವ ಕೆಲಸ ಆಗುತ್ತೆ. ಅದೇ ಅಂಕಲ್ ಮನೆ ಮಾರಿ ಮಗಳ ಹತ್ತಿರ ಹೋಗಬೇಕು ಅಂದಾಗ ಮೊದಲು ಫೋನ್ ಮಾಡೋದು ನಿಮಗೆ. ಆಗ ನಿಮಗೆ ಕಾಗದ ಗೊತ್ತಿರಬೇಕು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತೆ, ಅಂದರೆ ಆನ್‌ಲೈನ್ ಖಾತೆ ಇಲ್ಲದೆ ರಿಜಿಸ್ಟರ್ ಆಗಲ್ಲ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಆಗಿವೆ. ವಯಸ್ಸಾದ ಓನರ್‌ಗಳು ಇದರಲ್ಲಿ ಕಂಗಾಲಾಗುತ್ತಾರೆ. ಇ-ಖಾತೆ ಅರ್ಜಿ ಹಾಕೋಕೆ ಪ್ರೀತಿಯಿಂದ ಸಹಾಯ ಮಾಡಿದ ಹುಡುಗನ ಹೆಸರು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತೆ.

ಕಷ್ಟ ಇಲ್ಲ ಅಂತಲ್ಲ. ಮೊದಲ ಎರಡು ಮೂರು ತಿಂಗಳು ಬರಿ ಓಡಾಟ. ಏರಿಯಾದಲ್ಲಿ ಹಳೇ ಬ್ರೋಕರ್‌ಗಳು ಮುಖ ಕೊಟ್ಟು ಮಾತಾಡಲ್ಲ. ಅವರ ಜೊತೆ ಪೈಪೋಟಿಗೆ ಇಳಿಯದೆ, ನೀವು ಬಾಡಿಗೆದಾರನನ್ನ ಕರೆತಂದು ಕಮಿಷನ್ ಹಂಚಿಕೊಳ್ಳಿ. ಒಂದೆರಡು ಸಲ ಮಾತಿಗೆ ತಪ್ಪದೆ ಪಾಲು ಕೊಟ್ಟರೆ ಅವರೇ ಕರೆಯುತ್ತಾರೆ.

ಜಮೀನಿನ ಕೆಲಸ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಮಾಗಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಹಾಗಾಗಿ ನಗರದವರ ಬೇಡಿಕೆ ಜೋರಾಗಿದೆ. ಹಳ್ಳಿ ಮಾತು ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲ. ಆದರೆ ಮೊದಲ ವರ್ಷಕ್ಕೆ ಇದು ಬೇಡ. ಒಂದು ವ್ಯವಹಾರ ಮುಗಿಯೋಕೆ ವರ್ಷ ಹಿಡಿಯಬಹುದು. ಪೋಡಿ, ಅಂದರೆ ಅಳತೆ ಮಾಡಿ ಪಾಲು ಬೇರೆ ಮಾಡೋದು, ಆಗಿರಲ್ಲ, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿರುತ್ತಾರೆ, ಅವರ ಸಹಿ ಇಲ್ಲದೆ ಕ್ರಯ ಮಾಡಿಸಿದರೆ ನಾಳೆ ಕೋರ್ಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲಲ್ಲ, 2023ರ ತಿದ್ದುಪಡಿ ಪ್ರಕಾರ ಜಮೀನು ವಾಪಸ್ ಕೇಳುವ ಅರ್ಜಿಗೆ ಕಾಲಮಿತಿಯೂ ಇಲ್ಲ. ಬಡ ಕುಟುಂಬದ ಜಮೀನು ಉಳಿಸೋಕೆ ಬಂದ ಕಾನೂನು ಅದು. ಅದನ್ನ ದಾಟುವ ದಾರಿ ತೋರಿಸುತ್ತೇನೆ ಅನ್ನುವವರ ಜೊತೆ ಸೇರಲೇಬೇಡಿ.

ರೇರಾ ನೋಂದಣಿ ಯಾರಿಗೆ ಬೇಕು?

ನೋಂದಾಯಿತ ಪ್ರಾಜೆಕ್ಟಿನ ಫ್ಲಾಟು, ಸೈಟು ನಿಮ್ಮ ಸ್ವಂತ ಹೆಸರಲ್ಲಿ ಮಾರಿಸುವುದಾದರೆ ಬೇಕೇ ಬೇಕು. ಕಾಯ್ದೆ 2016ರದ್ದು, ಕರ್ನಾಟಕದ ನಿಯಮಗಳು 2017ರವು. ನಿಯಮದ ಪ್ರಕಾರ ಒಬ್ಬ ವ್ಯಕ್ತಿಗೆ ಶುಲ್ಕ 25 ಸಾವಿರ, ಸಂಸ್ಥೆಗೆ 2 ಲಕ್ಷ, ಐದು ವರ್ಷಕ್ಕೆ. ಇಲ್ಲದೆ ಮಾರಿಸಿದರೆ ದಿನಕ್ಕೆ 10 ಸಾವಿರದಂತೆ, ಆ ಆಸ್ತಿಯ ಬೆಲೆಯ 5%ವರೆಗೂ ದಂಡ ಬೀಳಬಹುದು. ಬಿಲ್ಡರ್ ಹತ್ತಿರ ಸಂಬಳಕ್ಕಿದ್ದರೆ, ಬರಿ ಬಾಡಿಗೆ ಮಾಡಿಸುತ್ತಿದ್ದರೆ ಬೇಡ. ಚಾನೆಲ್ ಪಾರ್ಟ್ನರ್ ಆಫೀಸಿಗೆ ಸೇರುವ ಮೊದಲು ಅವರ ಏಜೆಂಟ್ ನಂಬರ್ ಕೇಳಿ ರೇರಾ ವೆಬ್‌ಸೈಟಿನಲ್ಲಿ ನೋಡಿ. ಕೊಡೋಕೆ ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಕಮಿಷನ್ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಅಂದರೆ ಟಿಡಿಎಸ್, 2024ರ ಅಕ್ಟೋಬರ್‌ನಿಂದ 5%ನಿಂದ 2%ಗೆ ಇಳಿದಿದೆ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಬಂದಿದೆಯಾ ಅಂತ ನೋಡುತ್ತಿರಿ. ವರ್ಷದ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ.

ಮೈಸೂರು, ಮಂಗಳೂರು, ಹುಬ್ಬಳ್ಳಿ?

ಇದು ನಡುವಿನ ದಾರಿ. ಖರ್ಚು ಕಡಿಮೆ, ಪರಿಚಯ ಬೇಗ ಆಗುತ್ತೆ. ಮೈಸೂರಿಗೆ 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರಿನವರೂ ಬಂದು ಸೈಟ್ ನೋಡುತ್ತಾರೆ, ನಿವೃತ್ತರ ಒಲವು ಮೊದಲಿಂದಲೂ ಇದೆ. ಮಂಗಳೂರಿನಲ್ಲಿ ಗಲ್ಫ್‌ನಲ್ಲಿರುವವರ ದುಡ್ಡು ಫ್ಲಾಟ್‌ಗೆ ಬರುತ್ತೆ, ಆದರೆ ತುಳು, ಬ್ಯಾರಿ, ಕೊಂಕಣಿ ಬಲ್ಲ ಸ್ಥಳೀಯರ ಜೊತೆ ಹೊರಗಿನವರು ನಿಲ್ಲೋದು ಸುಲಭ ಅಲ್ಲ. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಓಡುವ ಮೊದಲು ಹುಬ್ಬಳ್ಳಿ-ಧಾರವಾಡ ಒಮ್ಮೆ ನೋಡಿ. ನೆಂಟರು ಹತ್ತಿರ ಇರುತ್ತಾರೆ, ಅದು ಸಣ್ಣ ವಿಷಯ ಅಲ್ಲ.

ನನ್ನ ಅಭಿಪ್ರಾಯ

ಕೈಯಲ್ಲಿ ಉಳಿತಾಯ ಇಲ್ಲ, ಮನೆಗೂ ದುಡ್ಡು ಕಳಿಸಬೇಕು ಅನ್ನುವವರು ಬಿಲ್ಡರ್ ಕಂಪನಿಗೆ ಸೇರಿ. ಎರಡು ವರ್ಷ ಕಲಿಯಿರಿ, ಅಲ್ಲೇ ಕೊಳೆಯಬೇಡಿ. ಆರು ತಿಂಗಳ ಖರ್ಚು ಇಟ್ಟುಕೊಂಡು ಬರುವವರು, ಜನರ ಜೊತೆ ಬೆರೆಯುವ ಗುಣ ಇರುವವರು ಒಂದು ಏರಿಯಾ ಹಿಡಿದು ಬಾಡಿಗೆಯಿಂದ ಶುರು ಮಾಡಿ. ಊರಲ್ಲಿ ಅಪ್ಪನಿಗೋ ಮಾವನಿಗೋ ಈ ವ್ಯವಹಾರದಲ್ಲಿ ಒಳ್ಳೆ ಹೆಸರಿದ್ದರೆ ಬೆಂಗಳೂರಿಗೆ ಬರುವ ಅಗತ್ಯವೇ ಇಲ್ಲ. ಆ ಹೆಸರನ್ನ ಇಲ್ಲಿ ಸೊನ್ನೆಯಿಂದ ಕಟ್ಟೋಕೆ ಎಷ್ಟೋ ವರ್ಷ ಬೇಕು.

ಹುಡುಗಿಯರಿಗೆ ಒಂದು ಮಾತು. ಮನೆ ನೋಡೋಕೆ ಕುಟುಂಬ ಬಂದಾಗ ಹೆಂಗಸರು ನಿಮ್ಮ ಹತ್ತಿರ ಮನಬಿಚ್ಚಿ ಮಾತಾಡುತ್ತಾರೆ, ಅಡುಗೆಮನೆ ಎಲ್ಲಿರಬೇಕು, ಅತ್ತೆಗೆ ಮೆಟ್ಟಿಲು ಹತ್ತೋಕಾಗಲ್ಲ ಅನ್ನೋದೆಲ್ಲ ನಿಮಗೆ ಹೇಳುತ್ತಾರೆ. ಈ ಕೆಲಸಕ್ಕೆ ನೀವು ಖಂಡಿತ ಬರಬೇಕು. ಆದರೆ ಸೇರುವ ಮೊದಲೇ ಕೇಳಿ, ಖಾಲಿ ಲೇಔಟ್‌ಗೆ ಸೈಟ್ ವಿಸಿಟ್ ಇದ್ದರೆ ಕಂಪನಿ ಕಾರು, ಜೊತೆಗೆ ಇನ್ನೊಬ್ಬರು ಬರುತ್ತಾರಾ, ರಾತ್ರಿಯಾದರೆ ಬಿಡುವ ವ್ಯವಸ್ಥೆ ಇದೆಯಾ ಅಂತ. ನೋಡೋಣ ಅನ್ನುವ ಕಡೆ ಹೋಗಬೇಡಿ.

ಯಾವಾಗ ಬರಬೇಕು ಅನ್ನೋದೂ ಮುಖ್ಯ. ಬಾಡಿಗೆ ಕೆಲಸಕ್ಕಾದರೆ ಮಾರ್ಚ್‌ನಲ್ಲೇ ಬಂದು ಏರಿಯಾ ಸುತ್ತಿಕೊಳ್ಳಿ. ಶಾಲೆ ಪರೀಕ್ಷೆ ಮುಗಿದು ಏಪ್ರಿಲ್‌ನಿಂದ ಜೂನ್‌ವರೆಗೆ ಜನ ಮನೆ ಬದಲಾಯಿಸುತ್ತಾರೆ. ಫ್ಲಾಟ್, ಸೈಟ್ ಮಾರುವ ಕೆಲಸಕ್ಕಾದರೆ ಆಷಾಢದಲ್ಲಿ ಸೇರಿ. ಆಗ ಬುಕಿಂಗ್ ಕಡಿಮೆ, ಹಳಬರಿಗೆ ಕೂತು ಹೇಳಿಕೊಡುವಷ್ಟು ಸಮಯ ಇರುತ್ತೆ. ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹಬ್ಬ ಬರುವ ಹೊತ್ತಿಗೆ ಜನ ಅಡ್ವಾನ್ಸ್ ಕೊಡೋಕೆ ಶುರು ಮಾಡುತ್ತಾರೆ, ಪಿತೃಪಕ್ಷದ ಹದಿನೈದು ದಿನ ಬಿಟ್ಟರೆ ದೀಪಾವಳಿವರೆಗೂ ಕೈತುಂಬ ಕೆಲಸ. ಧನುರ್ಮಾಸದಲ್ಲಿ ಮತ್ತೆ ಮಂದ. ಊರಿಗೆ ಹೋಗಿ ಬರೋಕೆ ಆ ತಿಂಗಳು ಇಟ್ಟುಕೊಳ್ಳಿ.